ಹರಳೆಣ್ಣೆಯಿಂದ ಆಯಿಲ್ ಫಿಲ್ಟರಿನವರೆಗೆ...

ಮೊನ್ನೆ ಶನಿವಾರ ಬೈಕ್ ಸರ್ವಿಸಿಗೆ ಬಿಟ್ಟಿದ್ದೆ. "ಸಾರ್, ಆಯಿಲ್ ಜೊತೆ ಫಿಲ್ಟರ್ರೂ ಚೇಂಜ್ ಮಾಡ್ಲಾ?" ಅಂತ ಮೆಕ್ಯಾನಿಕ್ ಕೇಳಿದ. "ಮುಂದಿನ ಸಲ ನೋಡೋಣ ಬಿಡು" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಇಂಜಿನಿಯರಿಂಗ್ ಓದಿದ ಪಾಪಕ್ಕೆ ಮನಸ್ಸು ಚುಚ್ಚತೊಡಗಿತು. ಈ ಫಿಲ್ಟರ್ ಅನ್ನೋದು ಎಲ್ಲಿಂದ ಬಂತು ಅಂತ ಓದುತ್ತಾ ಕೂತೆ. ಬೈಕಿನಲ್ಲಿ ಶುರುವಾದದ್ದು ವಿಮಾನಕ್ಕೆ ಹೋಗಿ ನಿಂತಿತು.

ಆರಂಭದ ಎಷ್ಟೋ ವಿಮಾನಗಳಿಗೆ ಎಣ್ಣೆ ಶೋಧಿಸುವ ತಲೆನೋವೇ ಇರಲಿಲ್ಲ. 1909ರಲ್ಲಿ ಹೆಸರು ಮಾಡಿದ ಫ್ರಾನ್ಸಿನ ಸೆಗೆನ್ ಸಹೋದರರ 'ನೋಮ್' ಎಂಜಿನ್ನಿನಲ್ಲಿ ಸಿಲಿಂಡರುಗಳೇ ಪ್ರೊಪೆಲರಿನ ಜೊತೆ ಗಿರಗಿರ ತಿರುಗುತ್ತಿದ್ದವು. ಒಳಗೆ ಹೋದ ಎಣ್ಣೆ ವಾಪಸ್ ಬರುವ ಮಾತೇ ಇಲ್ಲ, ಹೊಗೆಯ ಜೊತೆ ಆಚೆಗೆ! ಹಾಕುತ್ತಿದ್ದದ್ದು ನಮ್ಮ ಹರಳೆಣ್ಣೆ. ಪೆಟ್ರೋಲಿನಲ್ಲಿ ಸುಲಭಕ್ಕೆ ಬೆರೆಯುವುದಿಲ್ಲ ಅನ್ನೋದು ಕಾರಣ. ಅದರ ಹೊಗೆ ಕುಡಿದ ಮೊದಲನೇ ಮಹಾಯುದ್ಧದ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತಂತೆ. ಚಿಕ್ಕಂದಿನಲ್ಲಿ ಅಜ್ಜಿ ಹರಳೆಣ್ಣೆ ಕುಡಿಸಿದ್ದು ನೆನಪಿರೋರಿಗೆ ಬಿಡಿಸಿ ಹೇಳಬೇಕಿಲ್ಲ :)

ಒಂದೇ ಎಣ್ಣೆ ಮತ್ತೆ ಮತ್ತೆ ಸುತ್ತುವ ಎಂಜಿನ್‌ಗಳಲ್ಲಿ ಸಮಸ್ಯೆ ಬೇರೆ. ಮಸಿ, ಲೋಹದ ಪುಡಿ ಎಲ್ಲ ಎಣ್ಣೆಯಲ್ಲೇ ಉಳಿಯುತ್ತೆ. ಕಾರುಗಳಿಗೆ 1923ರ ಸುಮಾರಿಗೆ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 'ಪ್ಯೂರೊಲೇಟರ್' ಫಿಲ್ಟರ್ ತಂದ. ಆದರೆ ಎಷ್ಟೋ ಸಣ್ಣ ವಿಮಾನಗಳು ಅದಾದ ಮೇಲೂ ದಶಕಗಟ್ಟಲೆ ತಂತಿ ಜಾಲರಿಯಲ್ಲೇ ದಿನ ದೂಡಿದವು. ಜಾಲರಿ ದೊಡ್ಡ ಚೂರುಗಳನ್ನು ಹಿಡಿಯುತ್ತೆ, ಸಣ್ಣ ಪುಡಿಯನ್ನು ಬಿಟ್ಟುಬಿಡುತ್ತೆ.

ಈಗ ನನಗೆ ಬಹಳ ಇಷ್ಟವಾದ ಕಥೆ. 1958ರ ಡಿಸೆಂಬರ್ 4ರಂದು ಲಾಸ್ ವೇಗಸ್‌ನಿಂದ ರಾಬರ್ಟ್ ಟಿಮ್, ಜಾನ್ ಕುಕ್ ಅನ್ನುವ ಇಬ್ಬರು ಒಂದು ಸೆಸ್ನಾ 172 ಹತ್ತಿ ಹೊರಟರು. ಹಸಿಯೆಂಡ ಹೋಟೆಲಿನ ಪ್ರಚಾರಕ್ಕೆ, ಜೊತೆಗೆ ಕ್ಯಾನ್ಸರ್ ನಿಧಿಗೆ ಹಣ ಕೂಡಿಸಲು. ಕದ್ದು ಇಳಿಯಬಾರದು ಅಂತ ಚಕ್ರಗಳಿಗೆ ಬಿಳಿ ಬಣ್ಣ ಬಳಿದಿದ್ದರು! ರಸ್ತೆಯಲ್ಲಿ ಓಡುವ ಟ್ರಕ್ಕಿನಿಂದ ಪೈಪ್ ಮೇಲೆಳೆದು ಪೆಟ್ರೋಲ್ ತುಂಬಿಸಿಕೊಳ್ಳುತ್ತಿದ್ದರು. ಇಳಿದದ್ದು 1959ರ ಫೆಬ್ರವರಿ 7ಕ್ಕೆ. ಒಟ್ಟು 64 ದಿನ, 22 ಗಂಟೆ, 19 ನಿಮಿಷ.

ಅಂದರೆ ಸುಮಾರು 1558 ಗಂಟೆ ಎಂಜಿನ್ ನಿಂತಿಲ್ಲ. ಸಣ್ಣ ವಿಮಾನಗಳಲ್ಲಿ ಜಾಲರಿ ಮಾತ್ರ ಇದ್ದರೆ 25 ಗಂಟೆಗೊಮ್ಮೆ, ಪೂರ್ತಿ ಎಣ್ಣೆ ಹಾಯುವ ಫಿಲ್ಟರ್ ಇದ್ದರೆ 50 ಗಂಟೆಗೊಮ್ಮೆ ಎಣ್ಣೆ ಬದಲಿಸಿ ಅನ್ನೋದು ಇವತ್ತಿನ ವಾಡಿಕೆ. ಆ ಲೆಕ್ಕದಲ್ಲಿ 62 ಸಲ, ಇಲ್ಲಾ 31 ಸಲ! ಎಂಜಿನ್ ನಿಲ್ಲಿಸಿದರೆ ದಾಖಲೆ ಹೋಯಿತು, ಎಣ್ಣೆಯ ಒತ್ತಡ ಬಿದ್ದರೆ ಎಂಜಿನ್ನೇ ಹೋಯಿತು. ಅದಕ್ಕೇ ಓಡುತ್ತಿರುವಾಗಲೇ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸುವಂತೆ ಕೊಳವೆಗಳನ್ನು ಮಾರ್ಪಡಿಸಿಕೊಂಡಿದ್ದರು. ಸರ್ವರ್ ರೀಸ್ಟಾರ್ಟ್ ಮಾಡದೆ ಪ್ಯಾಚ್ ಹಾಕುವಾಗ ನಮ್ಮ ಕೈ ನಡುಗುತ್ತೆ. ಇವರು ಕೂತಿದ್ದದ್ದೇ ಆ ಸರ್ವರಿನ ಮೇಲೆ!

ಕೊನೆಗೆ ಅವರನ್ನು ಇಳಿಸಿದ್ದು ಎಣ್ಣೆಯಲ್ಲ. ಸ್ಪಾರ್ಕ್ ಪ್ಲಗ್ಗು, ಸಿಲಿಂಡರುಗಳಲ್ಲಿ ಮಸಿ ಕಟ್ಟಿ, ಪೆಟ್ರೋಲ್ ತುಂಬಿಸಿಕೊಂಡ ಮೇಲೆ ಮೇಲೇರುವುದೇ ಕಷ್ಟವಾಗಿತ್ತು. ಮನುಷ್ಯರಿರುವ ವಿಮಾನದ ಮಟ್ಟಿಗೆ ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ. ಆ ಸೆಸ್ನಾವನ್ನು ಲಾಸ್ ವೇಗಸ್ ವಿಮಾನ ನಿಲ್ದಾಣದಲ್ಲಿ ತೂಗುಹಾಕಿದ್ದಾರೆ.

ಓದುತ್ತಾ ಇನ್ನೊಂದು ವಿಷಯ ತಿಳೀತು. ಸಣ್ಣ ಎಂಜಿನ್ನಿನ ಎಣ್ಣೆ ಕೊಳವೆಯ ಮಧ್ಯೆ ಫಿಲ್ಟರ್ ಕೂರಿಸುವವರು ಅದು ಎಷ್ಟು ಸಣ್ಣ ಕಣ ಹಿಡಿಯುತ್ತೆ ಅಂತ ಕೇಳೋ ಮೊದಲು, ಚಳಿಯಲ್ಲಿ ಗಟ್ಟಿಯಾದ ಎಣ್ಣೆಯನ್ನು ಎಷ್ಟು ಸಲೀಸಾಗಿ ಬಿಡುತ್ತೆ ಅಂತ ಕೇಳಬೇಕು. ಪ್ರತಿ ಹೊಸ ಜಾಯಿಂಟೂ ಸೋರಬಹುದಾದ ಜಾಗ. ಫಿಲ್ಟರ್ ಕಟ್ಟಿಕೊಂಡರೆ ತಾನಾಗಿ ತೆರೆದುಕೊಳ್ಳುವ ಬೈಪಾಸ್ ವಾಲ್ವ್ ಬೇಕೇ ಬೇಕು. ಎಣ್ಣೆಯೇ ಇಲ್ಲದ್ದಕ್ಕಿಂತ ಕೊಳೆ ಎಣ್ಣೆ ವಾಸಿ! ಹಳೇ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳಲ್ಲಿ ಲೋಹದ ಚೂರು ಹುಡುಕುವುದೂ ಉಂಟು. ರಸ್ತೆ ಬದಿ ನಿಲ್ಲಿಸೋಕೆ ಆಕಾಶದಲ್ಲಿ ಜಾಗ ಇಲ್ಲವಲ್ಲ...

ಅಂದ ಹಾಗೆ, ಸೋಮವಾರವೇ ಹೋಗಿ ಬೈಕಿನ ಫಿಲ್ಟರ್ ಬದಲಿಸಿಕೊಂಡು ಬಂದೆ. ನಿಮ್ಮ ಗಾಡಿದು ಯಾವಾಗ ಬದಲಿಸಿದ್ರಿ? :)