ಎಳೆಯರ ಹಾನಿಕಾರಕ ಲೈಂಗಿಕ ವರ್ತನೆ: ಬೆಳವಣಿಗೆಯ ಹಾದಿಯಲ್ಲಿ ಅದರ ಬೇರುಗಳು

ಹದಿಹರೆಯದವನೊಬ್ಬ ತನಗಿಂತ ಕಿರಿಯ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದನೆಂದು ತಿಳಿದಾಗ, ಕುಲಕ್ಕೆ ಕಳಂಕವೆಂದು ಮುಚ್ಚಿಡುವುದು ಅಥವಾ ಹುಟ್ಟುಗುಣವೆಂದು ಕೈಚೆಲ್ಲುವುದು ಅನೇಕ ಸಭ್ಯ ಕುಟುಂಬಗಳ ರೂಢಿ. ಮನೋವೈದ್ಯಶಾಸ್ತ್ರವು ಈ ಎರಡನ್ನೂ ಒಪ್ಪುವುದಿಲ್ಲ. ಪುಟ್ಟ ಮಕ್ಕಳ ಸಹಜ ಕುತೂಹಲವನ್ನು ಅದು ಬೇರೆಯಾಗಿಯೇ ಇರಿಸುತ್ತದೆ. ವಯಸ್ಸಿನ ಅಂತರ, ಬಲವಂತ, ಬೆದರಿಕೆ, ಗುಟ್ಟಾಗಿಡುವ ಒತ್ತಾಯ ಇಂತಹ ಅಂಶಗಳು ಕಂಡುಬಂದಾಗ ವರ್ತನೆಯನ್ನು ಹಾನಿಕಾರಕವೆಂದು ಪರಿಗಣಿಸುತ್ತದೆ.

ಬಾಲ್ಯದ ಬಾಂಧವ್ಯಕ್ಕೂ ಮುಂದಿನ ನಡತೆಗೂ ಇರುವ ಸಂಬಂಧವನ್ನು ಮೊದಲು ಶೋಧಿಸಿದವರಲ್ಲಿ ಲಂಡನ್ನಿನ ಜಾನ್ ಬೌಲ್ಬಿ ಪ್ರಮುಖರು. ಕಳ್ಳತನ ಮಾಡಿದ 44 ಮಕ್ಕಳನ್ನು ಕುರಿತು ಅವರು 1944ರಲ್ಲಿ ಬರೆದರು. ಮಮತೆಯೇ ಬತ್ತಿದಂತಿದ್ದ 14 ಮಕ್ಕಳಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದರು. ಅಧ್ಯಯನದ ವಿಧಾನವನ್ನು ಅನಂತರದವರು ಆಕ್ಷೇಪಿಸಿದ್ದು ನ್ಯಾಯವೇ. ಆದರೆ ಅದು ಎತ್ತಿದ ಪ್ರಶ್ನೆ ಉಳಿಯಿತು.

ದೌರ್ಜನ್ಯಕ್ಕೆ ಒಳಗಾದ ಬಾಲಕನು ಮುಂದೆ ತಾನೇ ಪೀಡಕನಾಗುವನೆಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಪರೀಕ್ಷಿಸಿದ ಲಂಡನ್ನಿನ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದ 224 ಪುರುಷರಲ್ಲಿ 26 ಮಂದಿ, ಅಂದರೆ ಸುಮಾರು ಶೇ. 12ರಷ್ಟು ಜನ, ಮುಂದೆ ಅಂತಹ ಅಪರಾಧ ಎಸಗಿದ್ದು ಕಂಡುಬಂದಿತು. ಈ ಸಂಖ್ಯೆ ಅಲ್ಪವಲ್ಲ, ಆದರೆ ಬಹುಪಾಲು ಮಂದಿ ಆ ಹಾದಿ ಹಿಡಿಯಲಿಲ್ಲವೆಂಬುದೂ ಅಷ್ಟೇ ನಿಜ. ನೊಂದ ಮಗುವನ್ನು ಶಂಕೆಯಿಂದ ನೋಡುವ ಬಂಧುಗಳು ಇದನ್ನು ಗಮನಿಸಬೇಕು. ಹಾಗಾದರೆ ಆ ಕೆಲವರು ಉಳಿದವರಿಗಿಂತ ಹೇಗೆ ಭಿನ್ನರು? ಅನ್ನ-ಬಟ್ಟೆಗಳ ಅಲಕ್ಷ್ಯ, ಹಿರಿಯರ ನಿಗಾ ಇಲ್ಲದಿರುವುದು, ಮನೆಯೊಳಗಿನ ತೀವ್ರ ಹಿಂಸೆಯನ್ನು ಕಣ್ಣಾರೆ ಕಂಡದ್ದು, ಮಹಿಳೆಯಿಂದ ದೌರ್ಜನ್ಯಕ್ಕೆ ಒಳಗಾದದ್ದು ಅವರಲ್ಲಿ ಹೆಚ್ಚಾಗಿತ್ತು. ಪ್ರಾಣಿಗಳನ್ನು ಹಿಂಸಿಸಿದ ಚರಿತ್ರೆಯೂ ಅವರಲ್ಲಿ ಅಧಿಕವಾಗಿತ್ತು. ತಂದೆ ತಾಯಿಯನ್ನು ಹೊಡೆಯುವುದನ್ನು ‘ಮನೆಯ ಮಾತು’ ಎಂದು ತಳ್ಳಿಹಾಕುವವರಿಗೆ ಇದಕ್ಕಿಂತ ಕಠಿಣವಾದ ಉತ್ತರ ಬೇಕಿಲ್ಲ.

ವ್ಯಕ್ತಿತ್ವದ ವಿಚಾರದಲ್ಲಿಯೂ ಅವಸರ ಸಲ್ಲದು. ಹದಿಹರೆಯಕ್ಕಷ್ಟೇ ಸೀಮಿತವಾದ ಪುಂಡಾಟಿಕೆ ಮತ್ತು ಬಾಲ್ಯದಲ್ಲೇ ಮೊದಲಾಗಿ ಜೀವನವಿಡೀ ಮುಂದುವರಿಯುವ ಸಮಾಜಘಾತಕ ವರ್ತನೆ ಬೇರೆ ಬೇರೆಯೆಂದು ಟೆರಿ ಮಾಫಿಟ್ 1993ರಲ್ಲಿ ವಾದಿಸಿದರು. ಅಮೆರಿಕದ ರೋಗನಿರ್ಣಯ ಕೈಪಿಡಿಯ ಪ್ರಕಾರ 18 ತುಂಬದವರಿಗೆ ಸಮಾಜವಿರೋಧಿ ವ್ಯಕ್ತಿತ್ವದೋಷದ ಹಣೆಪಟ್ಟಿ ಹಚ್ಚುವಂತಿಲ್ಲ.

ಚಿಕಿತ್ಸೆ ನಿಷ್ಫಲವೆಂಬ ಭಾವನೆಗೂ ಆಧಾರ ಕಡಿಮೆ. ಮೈಕೇಲ್ ಕಾಲ್ಡ್‌ವೆಲ್ 2016ರಲ್ಲಿ 106 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಲೈಂಗಿಕ ಅಪರಾಧ ಎಸಗಿದ್ದ ಬಾಲಾಪರಾಧಿಗಳಲ್ಲಿ ಅದೇ ಬಗೆಯ ಅಪರಾಧವನ್ನು ಮತ್ತೆ ಎಸಗಿದವರ ಪ್ರಮಾಣ ಸುಮಾರು ಶೇ. 5ರಷ್ಟಿತ್ತು. ಹುಡುಗನೊಬ್ಬನನ್ನೇ ಕೂರಿಸಿ ಬುದ್ಧಿ ಹೇಳುವುದಕ್ಕಿಂತ ಪೋಷಕರನ್ನೂ ಶಾಲೆಯನ್ನೂ ಜೊತೆಗೂಡಿಸುವ ಚಿಕಿತ್ಸಾಕ್ರಮವೇ ಹೆಚ್ಚು ಭರವಸೆ ಮೂಡಿಸಿದೆ.

ನಮ್ಮ ದೇಶದಲ್ಲಿ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಬಂಧುವೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಆರೋಪಿಯೂ 18ರೊಳಗಿನವನಾದರೆ ಪ್ರಕರಣವು 2015ರ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಮಕ್ಕಳ ಸಹಾಯವಾಣಿ 1098. ಮನೋವೈದ್ಯಕೀಯ ಸಲಹೆಗೆ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಯಾವುದೇ ಊರಿನಿಂದ ಕರೆಮಾಡಬಹುದು.