ರಾತ್ರಿ ಕರೆಂಟು

ಮ್ಯಾಂಚೆಸ್ಟರ್‌ಗೆ ಆನ್‌ಸೈಟ್ ಹೋದ ವರ್ಷ, ನಮ್ಮ ಬಾಡಿಗೆ ಮನೆಯ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿತ್ತು. ಇಬ್ಬರು ಸೇರಿದರೂ ಅಲುಗದಷ್ಟು ಭಾರ. ಅದೇ ಹೀಟರಂತೆ. ಬೆಳಿಗ್ಗೆಯೆಲ್ಲ ಕಾಯುತ್ತಿತ್ತು, ಸಂಜೆ ಹೊತ್ತಿಗೆ ತಣ್ಣಗೆ. ಮಗಳಿಗಿನ್ನೂ ಎಂಟು ತಿಂಗಳು. ಕೆಟ್ಟಿದೆ ಅಂದ್ಕೊಂಡು ಅಂಗಡಿಗೆ ಓಡಿದೆ. ಅಲ್ಲಿ ಫ್ಯಾನ್ ಹೀಟರು, ಎಣ್ಣೆ ತುಂಬಿದ ರೇಡಿಯೇಟರು, ಕೆಂಪಗೆ ಉರಿಯುವ ಸರಳಿನದು. ದುಬಾರಿಯದು ತಗೊಂಡ್ರೆ ಕರೆಂಟು ಉಳಿಯುತ್ತೇನೋ ಅಂತ ಅರ್ಧ ಗಂಟೆ ನಿಂತೆ.

ಬಿಇ ಮಾಡಿದವನು ಹಾಗೆ ನಿಲ್ಲಬಾರದಿತ್ತು. ಪಕ್ಕದ ಸಾಲ್ಫರ್ಡ್‌ನಲ್ಲಿ 1818ರಲ್ಲಿ ಹುಟ್ಟಿದ, ಬಿಯರ್ ತಯಾರಿಸುವವರ ಮನೆಯ ಹುಡುಗ ಜೇಮ್ಸ್ ಜೂಲ್, ತಂತಿಯಲ್ಲಿ ಕರೆಂಟು ಹರಿದರೆ ಎಷ್ಟು ಬಿಸಿ ಹುಟ್ಟುತ್ತದೆ ಅಂತ 1840ರ ಸುಮಾರಿಗೇ ಲೆಕ್ಕ ಕೊಟ್ಟಿದ್ದ. ಆ ಲೆಕ್ಕದಲ್ಲಿ ಹೀಟರಿನ ಬೆಲೆಗೆ ಜಾಗವಿಲ್ಲ. ಒಂದು ಯೂನಿಟ್ಟಿಗೆ ಸಿಗುವ ಬಿಸಿ ಅಗ್ಗದ್ದರಲ್ಲೂ ಅಷ್ಟೇ, ದುಬಾರಿಯದರಲ್ಲೂ ಅಷ್ಟೇ. (ಹೀಟ್ ಪಂಪ್ ಬೇರೆ ಜಾತಿ, ಅದು ಹೊರಗಿನ ಬಿಸಿಯನ್ನು ಒಳಗೆ ಎಳೆದು ತರುತ್ತದೆ. ಬಾಡಿಗೆಯವನಿಗೆ ದಕ್ಕುವಂಥದ್ದಲ್ಲ.) ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡುವುದೂ 772.55 ಪೌಂಡ್ ತೂಕವನ್ನು ಒಂದಡಿ ಎತ್ತುವುದೂ ಸಮ ಅಂತ ಆಮೇಲೆ ಅಳೆದ. ಆ ಅಂಕಿ ಅವನ ಸಮಾಧಿ ಕಲ್ಲಿನ ಮೇಲೂ ಇದೆ.

ಫ್ಯಾನ್ ಹೀಟರೇ ತಂದೆ. ತಿಂಗಳ ಬಿಲ್ಲು ನೋಡಿ ಹೆಂಡತಿ ಮಾತೇ ಆಡಲಿಲ್ಲ.

ಜೂಲ್ ಹೇಳದೇ ಬಿಟ್ಟದ್ದನ್ನು ಪಕ್ಕದ ಮನೆಯ ಅಜ್ಜಿ ಹೇಳಿದರು. ಆ ಪೆಟ್ಟಿಗೆ ತುಂಬ ಇರೋದು ಇಟ್ಟಿಗೆ. ಕಲ್ಲಿದ್ದಲಿನ, ಅಣುಶಕ್ತಿಯ ಸ್ಥಾವರಗಳನ್ನು ದಿನಾ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವುದು ಸುಲಭವಲ್ಲ. ಜನ ಮಲಗಿದ ಮೇಲೆ ಆ ಕರೆಂಟಿಗೆ ಗಿರಾಕಿಯೂ ಇಲ್ಲ. ಅದಕ್ಕೇ 1960ರ ದಶಕದಲ್ಲಿ ಬ್ರಿಟನ್ನಿನ ವಿದ್ಯುತ್ ಮಂಡಳಿಗಳು ಈ ಇಟ್ಟಿಗೆ ಹೀಟರುಗಳನ್ನು ಮನೆಮನೆಗೆ ಹೊಗಿಸಿದವು. 1978ರಲ್ಲಿ 'ಎಕಾನಮಿ 7' ಬಂತು: ರಾತ್ರಿ ಏಳು ಗಂಟೆ ಕಾಲ ಅಗ್ಗ, ಹಗಲು ಮಾಮೂಲಿಗಿಂತ ದುಬಾರಿ. 1980ರ ದಶಕದಿಂದ ಎಷ್ಟೋ ಮನೆಗಳಲ್ಲಿ ಮೀಟರಿಗೆ ಹೊತ್ತು ತಿಳಿಸುತ್ತಿದ್ದದ್ದು ಬಿಬಿಸಿ ರೇಡಿಯೋ 4ರ ಲಾಂಗ್ ವೇವ್. ಕೇಳುಗರಿಗೆ ಗೊತ್ತಾಗದ ಹಾಗೆ ಸಂಕೇತವೂ ಅದರೊಳಗೇ ಹೋಗುತ್ತಿತ್ತು. ಅದನ್ನು ಯೋಚಿಸಿದ ಇಂಜಿನಿಯರಿಗೆ ಕೈ ಮುಗಿಯಬೇಕು.

ಪೆಟ್ಟಿಗೆಗೆ ಎರಡು ಗುಂಡಿ. ಒಂದು, ರಾತ್ರಿ ಎಷ್ಟು ಬಿಸಿ ತುಂಬಬೇಕು ಅಂತ; ಇನ್ನೊಂದು, ಹಗಲು ಎಷ್ಟು ಬಿಡಬೇಕು ಅಂತ. ನಾನು ಎರಡನ್ನೂ ಪೂರ್ತಿ ತಿರುಗಿಸಿಟ್ಟು, ತುಂಬಿದ್ದನ್ನೆಲ್ಲ ಮಧ್ಯಾಹ್ನದೊಳಗೆ ಸೋರಿಸಿ, ಸಂಜೆ ದುಬಾರಿ ಕರೆಂಟಿನಲ್ಲಿ ಫ್ಯಾನ್ ಹೀಟರು ಹಾಕ್ತಿದ್ದೆ. ನಮ್ಮ ಬಚ್ಚಲ ಒಲೆಯ ಬೆಂಕಿ ರಾತ್ರಿ ಆರಿದರೂ ಹಂಡೆ ನೀರು ಬೆಳಗಿನ ಜಾವಕ್ಕೆ ಬೆಚ್ಚಗಿರುತ್ತಿತ್ತು. ಅದನ್ನು ನೋಡಿಕೊಂಡೇ ಬೆಳೆದವನು!

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ನಗಲಿಲ್ಲ. "ಅಲ್ಲಿ ರಾತ್ರಿ ಕರೆಂಟು ತಾನೇ ಬಂದು ಕೆಲಸ ಮಾಡ್ಕೊಂಡು ಹೋಗುತ್ತಾ? ಇಲ್ಲಿ ಎರಡು ಗಂಟೆಗೆ ತ್ರೀ ಫೇಸ್ ಕೊಡ್ತಾರೆ, ಬ್ಯಾಟರಿ ಹಿಡ್ಕೊಂಡು ನಾನೇ ಹೋಗ್ಬೇಕು ಕಣಪ್ಪ. ಮೊನ್ನೆ ಬದುವಿನ ಮೇಲೆ ಹಾವಿತ್ತು."

ಅಲ್ಲೂ ಇಲ್ಲೂ ಹಗಲಿನ ಭಾರ ಇಳಿಸೋಕೇ ರಾತ್ರಿ ಕರೆಂಟು. ಅಲ್ಲಿ ನಿದ್ದೆ ಮಾಡಿದವರಿಗೆ ಅಗ್ಗ, ಇಲ್ಲಿ ನಿದ್ದೆ ಕೆಟ್ಟವರಿಗೆ ಪುಕ್ಕಟೆ.

ರಜೆಗೆ ಬಂದಾಗ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿ, ತೋಟದ ಮೇಲ್ಮೂಲೆಯಲ್ಲಿ ಒಂದು ತೊಟ್ಟಿ ಕಟ್ಟಿಸಿದೆ. ರಾತ್ರಿ ತುಂಬುತ್ತೆ, ಬೆಳಿಗ್ಗೆ ಬಿಟ್ಟುಕೊಳ್ಳೋದು. ಅಪ್ಪ ಈಗಲೂ ಎರಡು ಗಂಟೆಗೆ ಎದ್ದು, ಮೋಟರಿನ ಸದ್ದು ಬಂತಾ ಅಂತ ಕಿಟಕಿ ಹತ್ತಿರ ನಿಲ್ಲುತ್ತಾರೆ.