ಕಣಗಿನಹಾಳದ ಎದೆಗಾರಿಕೆ

ಉದ್ಯಮದ ಎದೆಗಾರಿಕೆ ಎಂದೊಡನೆ ಎಲ್ಲರೂ ಟಾಟಾ, ಕಿರ್ಲೋಸ್ಕರರನ್ನು ನೆನೆಯುತ್ತಾರೆ. ನನಗೆ ನೆನಪಾಗುವವರು ಗದಗ ಸಮೀಪದ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.

ಆಗ ನಮ್ಮ ಹೊಸರಿತ್ತಿಯೂ ಗದಗವೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೇ ಸೇರಿದ್ದವು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಗಗನಕ್ಕೇರಿದ್ದ ಹತ್ತಿಯ ಧಾರಣೆ ಯುದ್ಧ ಮುಗಿದ ಮೇಲೆ ಕುಸಿದಿತ್ತು. ಮುಂದೆ 1899–1900ರ ಬರ ಬೇರೆ. ಕಾಣದ ಪೇಟೆಯ ಏರಿಳಿತಕ್ಕೆ ಸಿಕ್ಕ ರೈತನಿಗೆ ಸಾಹುಕಾರನ ಬಾಗಿಲೇ ಗತಿ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಂತೆ ಒಂದೂರಿನ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಿತ್ತು. ಆದರೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ. ಸಂಘ ಮುಳುಗಿದರೆ ಹೊಲಮನೆಗಳಿಗೂ ಸಂಚಕಾರ. ನೆರೆಯವನ ಸಾಲಕ್ಕೆ ತನ್ನ ಎರೆಹೊಲವನ್ನು ಒಡ್ಡಿದಂತೆಯೇ ಸರಿ! ಇಂದಿನ ನಿಯಮಿತ ಕಂಪನಿಗಳ ಪಾಲುದಾರರಿಗೆ ಈ ಭಯವಿಲ್ಲ. ಅಂಥ ಕಟ್ಟಳೆಯಿದ್ದ ಕಾಲದಲ್ಲಿಯೇ, 1905ರಲ್ಲಿ, ಪಾಟೀಲರು ಊರವರನ್ನು ಕೂಡಿಸಿ ಸಂಘ ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ.

ಯಾರ ಹೊಲದಲ್ಲಿ ಎಷ್ಟು ಬೆಳೆದೀತು, ಯಾರು ಮಾತಿಗೆ ತಪ್ಪಿಯಾರು ಎಂಬುದು ಹಳ್ಳಿಯಲ್ಲಿ ಗುಟ್ಟಲ್ಲ. ಆ ತಿಳಿವಳಿಕೆಯೇ ಇಂಥ ಸಂಘಗಳ ನಿಜವಾದ ಬಂಡವಾಳ. ಸಾಲದಾಚೆಗೂ ಸಹಕಾರಕ್ಕೆ ಕಾನೂನಿನ ಬಾಗಿಲು ತೆರೆದದ್ದು 1912ರಲ್ಲಿ. ಅಷ್ಟರಲ್ಲಿ ಕಣಗಿನಹಾಳದ ಸಂಘಕ್ಕೆ ಏಳು ವರ್ಷ ತುಂಬಿತ್ತು.